ವಯಸ್ಸು ಇಳಿಸಿದರೆ ನ್ಯಾಯ ಏರುವುದೇ?

ಹದಿಹರೆಯದವನೊಬ್ಬ ಕೊಲೆಯಂಥ ಕೃತ್ಯದಲ್ಲಿ ಸಿಕ್ಕಿಬಿದ್ದ ಸುದ್ದಿ ಬಂದೊಡನೆ, ‘ಇವನನ್ನೂ ದೊಡ್ಡವರಂತೆಯೇ ಶಿಕ್ಷಿಸಿ’ ಎಂಬ ಕೂಗು ಏಳುತ್ತದೆ. ಪ್ರಿಯ ಓದುಗರೇ, ನೊಂದ ಕುಟುಂಬದ ಸಂಕಟವನ್ನು ಬಲ್ಲವರಾರೂ ಆ ಕೂಗನ್ನು ಹಗುರವಾಗಿ ಕಾಣಲಾರರು. ಆದರೆ ಕೋಪದ ಗಳಿಗೆಯಲ್ಲಿ ಬರೆದ ಕಾನೂನು ಮಕ್ಕಳನ್ನು ತಿದ್ದೀತೇ?

2012ರ ಡಿಸೆಂಬರಿನ ದೆಹಲಿ ಪ್ರಕರಣದ ಆರು ಆರೋಪಿಗಳಲ್ಲಿ ಒಬ್ಬನಿಗೆ ಹದಿನೆಂಟು ತುಂಬಿರಲಿಲ್ಲ. ವಯೋಮಿತಿಯನ್ನು ಇಳಿಸಲು ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ 2013ರಲ್ಲಿ ಒಪ್ಪಲಿಲ್ಲ. ಆದರೂ 2015ರ ಬಾಲ ನ್ಯಾಯ ಕಾಯ್ದೆಯು, ಘೋರ ಅಪರಾಧದ ಆರೋಪ ಹೊತ್ತ 16ರಿಂದ 18 ವರ್ಷದವರನ್ನು ವಯಸ್ಕರಂತೆ ವಿಚಾರಣೆಗೆ ಒಳಪಡಿಸಲು ಬಾಗಿಲು ತೆರೆಯಿತು. ಆ ಬಾಗಿಲನ್ನು ಇನ್ನೂ ಅಗಲಿಸಿರೆಂದು ಕೇಳುವವರು ಇಂದಿಗೂ ಇದ್ದಾರೆ.

ಅದೇ ಕಾಯ್ದೆಯ ಉಳಿದ ಮಾತುಗಳನ್ನು ಅವರು ಓದಿದ್ದಾರೆಯೇ? ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು. ಮಂಡಳಿಯಲ್ಲಿ ಮ್ಯಾಜಿಸ್ಟ್ರೇಟರೊಡನೆ ಇಬ್ಬರು ಸಮಾಜಕಾರ್ಯಕರ್ತರು ಇರಬೇಕು. ಅವರಲ್ಲಿ ಒಬ್ಬರಾದರೂ ಮಹಿಳೆಯಾಗಿರಬೇಕು. ಮಗುವನ್ನು ಪೊಲೀಸ್ ಲಾಕಪ್ಪಿನಲ್ಲಾಗಲಿ ಸೆರೆಮನೆಯಲ್ಲಾಗಲಿ ಇಡಕೂಡದು. ವಾಸ್ತವವೇನು? ಇಂಡಿಯಾ ಜಸ್ಟಿಸ್ ರಿಪೋರ್ಟ್ 2025ರಲ್ಲಿ ಹೊರತಂದ ಅಧ್ಯಯನದಂತೆ, 2023ರ ಅಕ್ಟೋಬರ್ ಅಂತ್ಯಕ್ಕೆ 362 ಬಾಲ ನ್ಯಾಯ ಮಂಡಳಿಗಳ ಮುಂದಿದ್ದ ಪ್ರಕರಣಗಳಲ್ಲಿ ಶೇಕಡಾ 55ರಷ್ಟು ಇತ್ಯರ್ಥವಾಗದೆ ಉಳಿದಿದ್ದವು. ಈ ವಿಳಂಬ ಆರೋಪಿ ಬಾಲಕನಿಗಷ್ಟೇ ಅನ್ಯಾಯವಲ್ಲ. ನ್ಯಾಯಕ್ಕಾಗಿ ಕಾದು ಕುಳಿತ ನೊಂದವರಿಗೂ ಅನ್ಯಾಯವೇ.

‘ಇದು ಕೇಂದ್ರದ ಕಾನೂನು, ರಾಜ್ಯವೇನು ಮಾಡೀತು?’ ಎಂದು ಕೈತೊಳೆದುಕೊಳ್ಳುವಂತಿಲ್ಲ. ಮಕ್ಕಳಿಗೆಂದೇ ಪ್ರತ್ಯೇಕ ಕಾಯ್ದೆ ಮೊದಲು ಬಂದುದು ಪ್ರಾಂತಗಳಿಂದ: 1920ರಲ್ಲಿ ಮದರಾಸು, 1924ರಲ್ಲಿ ಮುಂಬಯಿ. ಅಂದು ಮಂಗಳೂರು ಮೊದಲನೆಯದಕ್ಕೆ, ಧಾರವಾಡ ಎರಡನೆಯದಕ್ಕೆ ಸೇರಿತ್ತು. ಇಂದಿಗೂ ಮಂಡಳಿಗಳನ್ನು ರಚಿಸುವುದು, ವೀಕ್ಷಣಾಲಯಗಳನ್ನು ನಡೆಸುವುದು, 110ನೇ ಕಲಮಿನಂತೆ ನಿಯಮಗಳನ್ನು ರೂಪಿಸುವುದು ರಾಜ್ಯದ ಹೊಣೆ. ಕ್ರಿಮಿನಲ್ ಕಾನೂನು ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿರುವುದರಿಂದ, ರಾಷ್ಟ್ರಪತಿಗಳ ಅಂಕಿತ ಪಡೆದು ತಿದ್ದುಪಡಿ ತರಲೂ ಶಾಸನಸಭೆಗೆ ಮಾರ್ಗವಿದೆ.

ಹಾಗಾದರೆ ನಮ್ಮ ಶಾಸಕರಿಂದ ಮೂರು ಸಂಗತಿಗಳನ್ನು ಕೇಳೋಣ. ಮೊದಲನೆಯದು, ಮಂಡಳಿಯಲ್ಲಿ ತೆರವಾದ ಸ್ಥಾನವನ್ನು ಇಂತಿಷ್ಟು ದಿನಗಳೊಳಗೆ ತುಂಬಲೇಬೇಕೆಂಬ ಕಟ್ಟುಪಾಡು. ಎರಡನೆಯದು, ವಯಸ್ಕನಂತೆ ವಿಚಾರಿಸಬೇಕೇ ಎಂಬುದನ್ನು ಅಳೆಯುವಾಗ ಮನಃಶಾಸ್ತ್ರಜ್ಞರ ಕಡ್ಡಾಯ ನೆರವು. ಮಂಡಳಿಯಲ್ಲಿ ಅಂಥ ಪರಿಣತರಿಲ್ಲದಿದ್ದರೆ ಹೊರಗಿನ ತಜ್ಞರ ನೆರವು ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2022ರಲ್ಲಿಯೇ ಹೇಳಿದೆ. ಮೂರನೆಯದು, ಹದಿನೆಂಟು ತುಂಬಿ ಹೊರಬರುವವರಿಗೆ ಕಾಯ್ದೆಯ 46ನೇ ಕಲಮು ಹೇಳುವ ಹಣಕಾಸಿನ ನೆರವಿಗೆ ಬಜೆಟ್ಟಿನಲ್ಲಿ ಖಚಿತವಾದ ಪಾಲು. ಕಸುಬಿಲ್ಲದೆ, ಆಸರೆಯಿಲ್ಲದೆ ಬೀದಿಗೆ ಬಿದ್ದವನು ಹಳೆಯ ಸಂಗಡಿಗರ ಬಳಿಗಲ್ಲದೆ ಮತ್ತೆಲ್ಲಿಗೆ ಹೋದಾನು?

ಬಿಟ್ಟುಬಿಡಿ ಎಂದು ಯಾರೂ ಕೇಳುತ್ತಿಲ್ಲ. ತಪ್ಪಿಗೆ ಉತ್ತರ ಹೇಳಲೇಬೇಕು. ಆದರೆ ತಾನು ಬರೆದ ಕಾನೂನನ್ನೇ ಪಾಲಿಸದ ಸಮಾಜಕ್ಕೆ, ಹದಿನಾರರ ಬಾಲಕ ಕಾನೂನು ಮುರಿದನೆಂದು ಅಬ್ಬರಿಸುವ ನೈತಿಕ ಹಕ್ಕು ಎಲ್ಲಿಂದ ಬಂದೀತು? ಮುಂದಿನ ಬಾರಿ ಮತ ಯಾಚಿಸಲು ಬಂದವರನ್ನು, ನಮ್ಮ ಜಿಲ್ಲೆಯ ಬಾಲ ನ್ಯಾಯ ಮಂಡಳಿಯಲ್ಲಿ ಎಷ್ಟು ಕುರ್ಚಿಗಳು ಖಾಲಿ ಇವೆಯೆಂದು ಕೇಳಿ ನೋಡಿ.