ಬೇರಿನೊಳಗಣ ಸೀಸ

ಗಿಡಮೂಲಿಕೆಯಿಂದ ಒಳಿತಾಗದಿದ್ದರೂ ಕೆಡುಕಾಗದೆಂಬ ನಂಬಿಕೆಯಲ್ಲಿ ಬೆಳೆದವನು ನಾನು. ಅದನ್ನು ಅಲುಗಿಸಿದುದು 2004ರಲ್ಲಿ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಬಂದ ವರದಿ. ಬೋಸ್ಟನ್ನಿನ ಆಸುಪಾಸಿನ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಔಷಧಗಳ ಪೈಕಿ 14ರಲ್ಲಿ ಸೀಸವೋ ಪಾದರಸವೋ ಆರ್ಸೆನಿಕ್ಕೋ ಇತ್ತು.

ರಸೌಷಧಗಳಲ್ಲಿ ಲೋಹವನ್ನು ಭಸ್ಮಮಾಡಿ ತಿಳಿದೇ ಸೇರಿಸುತ್ತಾರೆ. ಆ ವಾದ ಬೇರೆ. ನನ್ನ ಚಿಂತೆ ಬರಿಯ ಸೊಪ್ಪು ಬೇರುಗಳದು. ಕೊಳಚೆ ಹರಿಯುವ ಕಾಲುವೆಯಂಚಿನ ನೀರುಬ್ರಾಹ್ಮಿ ಆ ಕೆಸರಿನ ಕ್ಯಾಡ್ಮಿಯಮನ್ನೂ ಹೀರಿಕೊಳ್ಳುತ್ತದೆ. ತೊಳೆದರೆ ಮೇಲಿನ ಮಣ್ಣು ಹೋದೀತು, ಒಳಸೇರಿದ ಲೋಹ ಹೋಗದು. ಒಣಗಿಸಿದರೆ ನೀರಷ್ಟೇ ಆರಿ, ತೂಕಕ್ಕೆ ತೂಕ ಲೋಹದ ಪಾಲು ಏರುತ್ತದೆ. ಕಣ್ಣು, ಮೂಗು, ನಾಲಗೆಗಳಿಗೆ ನಿಲುಕುವ ದೋಷವಲ್ಲ ಇದು.

ಭಾರತ ಸರ್ಕಾರವು 2006ರ ಜನವರಿಯಿಂದ ಈ ಪರೀಕ್ಷೆಯನ್ನು ಕಡ್ಡಾಯಮಾಡಿತು: ಹತ್ತು ಲಕ್ಷ ಪಾಲಿನಲ್ಲಿ ಸೀಸ 10, ಪಾದರಸ 1, ಕ್ಯಾಡ್ಮಿಯಮ್ 0.3 ಪಾಲನ್ನು ಮೀರಕೂಡದು. ಆದರೆ ಆ ಆಜ್ಞೆ ಹೊರಟದ್ದು ರಫ್ತಾಗುವ ಮೂಲಿಕೆ ಮದ್ದನ್ನು ಕುರಿತು. ಹಡಗೇರುವ ಚೂರ್ಣಕ್ಕೆ ಮೊದಲ ಮಣೆ! ನಮ್ಮೂರ ಬಾಣಂತಿಯ ಕಷಾಯದ ಸರದಿ ಆಮೇಲೆ ಬರತಕ್ಕದ್ದೆ?

ಗ್ರಂಧಿಗೆ ಅಂಗಡಿಯಲ್ಲಿ ಬೇರಿನ ಕಟ್ಟನ್ನು ಕೊಳ್ಳುವಾಗ, ಇದು ಯಾವ ನೆಲದ್ದೆಂದು ಈಚೆಗೆ ಕೇಳುತ್ತೇನೆ. ಅಂಗಡಿಯವರು ನಗುತ್ತಾರೆ, ಅವರಿಗೂ ತಿಳಿಯದು.