ಬಿಸಿಲ ನಾಡಿನ ಸೂರು ಮತ್ತು ಶಾಲೆಯ ಕಾರ್ಯಾಗಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಈ ಐದು ಊರುಗಳ ಹೆಸರನ್ನು ಒಟ್ಟಿಗೆ ಉಚ್ಚರಿಸಿದೊಡನೆ ಕೇಳುವವರ ಮನಸ್ಸಿನಲ್ಲಿ ಎರಡು ಸಂಗತಿಗಳು ಮೂಡುತ್ತವೆ. ಒಂದು ಕಲ್ಲು, ಇನ್ನೊಂದು ಬಿಸಿಲು. ಕಲ್ಲು ಈ ಭಾಗದ ಸಾವಿರಾರು ಕುಟುಂಬಗಳಿಗೆ ಅನ್ನ ಕೊಟ್ಟಿದೆ. ಬಿಸಿಲು ಆ ಅನ್ನವನ್ನು ಉಣ್ಣುವವರ ನೆಮ್ಮದಿಯನ್ನು ವರ್ಷದ ಮೂರು ನಾಲ್ಕು ತಿಂಗಳು ಕಸಿದುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿ ಜಿಲ್ಲೆಯ ಉಷ್ಣಮಾನವು 40 ಡಿಗ್ರಿ ಸೆಲ್ಸಿಯಸ್ ದಾಟುವುದು ವಾಡಿಕೆಯ ಮಾತು. 43, 44 ಮುಟ್ಟುವ ದಿನಗಳೂ ಉಂಟು. ಈ ಕಾರಣದಿಂದಲೇ ಬೇಸಗೆಯಲ್ಲಿ ಸರಕಾರಿ ಕಛೇರಿಗಳ ವೇಳೆಯನ್ನು ಬೆಳಗಿನ 8 ಗಂಟೆಯಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿ ಇಲ್ಲಿ ಬೆಳೆದು ಬಂದಿದೆ. ಕಛೇರಿಯ ವೇಳೆಯನ್ನು ಆಜ್ಞೆಯಿಂದ ಬದಲಿಸಬಹುದು. ಆದರೆ ಮಧ್ಯಾಹ್ನ ಕಛೇರಿಯಿಂದ ಮರಳುವವನು, ಗಣಿಯಿಂದ ಮರಳುವವನು, ಶಾಲೆಯಿಂದ ಮರಳುವ ಬಾಲಕ, ಇವರೆಲ್ಲ ಯಾವ ಸೂರಿನ ಕೆಳಗೆ ಬಂದು ಕೂಡುತ್ತಾರೆ ಎಂಬುದನ್ನು ಯಾವ ಆಜ್ಞೆಯೂ ಬದಲಿಸಲಾರದು. ಅದು ಕಟ್ಟುವವರ ಅರಿವಿನಿಂದ ಮಾತ್ರ ಬದಲಾಗಬೇಕಾದ ಸಂಗತಿ.

ಕೋಟ್ಯಂತರ ವರ್ಷಗಳ ಹಿಂದೆ ಕಡಲ ತಳದಲ್ಲಿ ಪದರುಪದರಾಗಿ ಶೇಖರಗೊಂಡ ಸುಣ್ಣದ ಕೆಸರೇ ಇಂದಿನ ಶಹಾಬಾದ ಕಲ್ಲು. ಪದರುಗಳ ನಡುವೆ ಉಳಿಯಿಟ್ಟು ಹೊಡೆದರೆ ಹಲಗೆಯಂತೆ ಎದ್ದು ಬರುವ ಗುಣ ಇದಕ್ಕೆ ಬಂದುದು ಆ ಹುಟ್ಟಿನಿಂದಲೇ. ಚಿತ್ತಾಪುರ ತಾಲ್ಲೂಕಿನ ಕನಗನಹಳ್ಳಿಯಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದಿನ ಶಿಲ್ಪಿಗಳು ಅಶೋಕ ಚಕ್ರವರ್ತಿಯ ಪ್ರತಿಮೆಯನ್ನು ಅವನ ಹೆಸರಿನ ಸಮೇತ ಕೆತ್ತಿದುದು ಈ ಸೀಮೆಯ ಸುಣ್ಣಕಲ್ಲಿನ ಮೇಲೆಯೇ. ಅದೇ ಕಲ್ಲು ಫರಸಿಯ ರೂಪದಲ್ಲಿ ದೇಶದ ನಾನಾ ಊರುಗಳ ಮನೆಗಳ ನೆಲವಾಯಿತು. ವಾಡಿ, ಮಳಖೇಡ, ಸೇಡಂಗಳ ಕಾರ್ಖಾನೆಗಳ ಕುಲುಮೆಯಲ್ಲಿ ಸುಮಾರು 1450 ಡಿಗ್ರಿಯ ಶಾಖದಲ್ಲಿ ಬೆಂದು ಸಿಮೆಂಟಾಯಿತು. ಇಷ್ಟು ಕಟ್ಟಡ ಸಾಮಗ್ರಿಯನ್ನು ನಾಡಿಗೆಲ್ಲ ಹಂಚಿದ ಈ ಸೀಮೆಯ ಜನರು ತಮ್ಮ ಮನೆಗಳನ್ನು ಹೇಗೆ ಕಟ್ಟಿಕೊಳ್ಳುತ್ತಿದ್ದಾರೆ ಎಂಬ ಪ್ರಶ್ನೆ ವಿಚಾರಣೀಯವಾಗಿದೆ.

ಹಳೆಯ ಮಾಳಿಗೆ ಮನೆಗಳನ್ನು ಕಂಡವರಿಗೆ ಅವುಗಳ ತಂಪಿನ ಅನುಭವ ಇದ್ದೇ ಇದೆ. ಎರಡು ಅಡಿಗೂ ಮಿಕ್ಕಿದ ದಪ್ಪದ ಕಲ್ಲುಮಣ್ಣಿನ ಗೋಡೆ, ತೊಲೆ ಜಂತಿಗಳ ಮೇಲೆ ಹಾಸಿದ ಮಣ್ಣು, ಮೇಲೆ ಸಣ್ಣ ಬೆಳಕಿಂಡಿ, ಮುಂದೆ ಪಡಸಾಲೆ. ಇದರಲ್ಲಿ ಯಾವ ಮಂತ್ರವೂ ಇರಲಿಲ್ಲ. ಹಗಲಿನ ಶಾಖವು ದಪ್ಪವಾದ ಮಣ್ಣನ್ನು ಹಾಯ್ದು ಒಳಗೆ ಬರುವಷ್ಟರಲ್ಲಿ ಹೊತ್ತು ಮುಳುಗಿರುತ್ತಿತ್ತು. ರಾತ್ರಿಯ ಗಾಳಿಗೆ ಅದೇ ಮಣ್ಣು ಮತ್ತೆ ಆರುತ್ತಿತ್ತು. ಹಗಲು ಬಾಗಿಲು ಮುಚ್ಚಿ, ರಾತ್ರಿ ಬೆಳಕಿಂಡಿ ತೆರೆದಿಡುತ್ತಿದ್ದ ಗೃಹಿಣಿಗೆ ಉಷ್ಣಶಾಸ್ತ್ರದ ಹೆಸರು ತಿಳಿದಿರಲಿಲ್ಲ, ಅದರ ಆಚರಣೆ ತಿಳಿದಿತ್ತು. ಇಂದು ಆ ಸ್ಥಾನಕ್ಕೆ ನಾಲ್ಕೈದು ಅಂಗುಲ ದಪ್ಪದ ಸಿಮೆಂಟಿನ ಛಾವಣಿ ಬಂದಿದೆ. ಅದು ಮಧ್ಯಾಹ್ನ ಕಾದು, ಕೆಲವೇ ಗಂಟೆಗಳಲ್ಲಿ ಆ ಕಾವನ್ನು ಒಳಗಿಳಿಸಿ, ಸರಿಯಾಗಿ ಮನೆಯವರು ಉಂಡು ಮಲಗುವ ಹೊತ್ತಿಗೆ ತಲೆಯ ಮೇಲೆ ಕೆಂಡದ ತಟ್ಟೆಯನ್ನು ಹಿಡಿದಂತೆ ನಿಲ್ಲುತ್ತದೆ. ಬಡವನ ಪಾಲಿಗೆ ಅಷ್ಟೂ ಇಲ್ಲ; ತಗಡೊಂದೇ ಗತಿ. ಫರಸಿಯನ್ನು ಸೀಳಿ ಊರೂರಿನ ಶ್ರೀಮಂತರ ಅಂಗಾಲಿಗೆ ತಂಪು ಒದಗಿಸುವ ಕಾರ್ಮಿಕನೇ ಸಂಜೆ ತಗಡಿನ ಕೆಳಗೆ ಬೆವರುತ್ತ ಕೂಡುವುದು ಈ ಪ್ರದೇಶದ ದೊಡ್ಡ ವಿಪರ್ಯಾಸ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ತಿದ್ದಬೇಕಾಗಿದೆ. ಕಲ್ಲು ತಂಪು ಎಂಬ ಮಾತು ಅರ್ಧಸತ್ಯ. ಫರಸಿಯ ನೆಲ ತಂಪೆನಿಸುವುದು ಅದು ನೆರಳಿನಲ್ಲಿದ್ದು ಕೆಳಗಿನ ಭೂಮಿಗೆ ಅಂಟಿಕೊಂಡಿರುವುದರಿಂದ ಮತ್ತು ಅಂಗಾಲಿನ ಬಿಸಿಯನ್ನು ಬೇಗ ಹೀರಿಕೊಳ್ಳುವುದರಿಂದ. ಬಿಸಿಯನ್ನು ಬೇಗ ಹರಿಯಗೊಡುವ ಅದೇ ಗುಣವು ಛಾವಣಿಯಲ್ಲಿ ಶತ್ರುವಾಗುತ್ತದೆ. ತೊಲೆಗಳ ಮೇಲೆ ಬರಿಯ ಫರಸಿ ಹಾಸಿ ಮನೆ ತಂಪಾಗುವುದೆಂದು ನಂಬಿದವನು ರೊಟ್ಟಿಯ ಹಂಚಿನ ಕೆಳಗೆ ವಾಸ ಮಾಡಿದಂತಾಗುತ್ತದೆ. ಕಲ್ಲಿನ ಮೇಲೆ ಮಣ್ಣೋ ಗಾರೆಯೋ ಇನ್ನಾವ ಹೊದಿಕೆಯೋ ಇದ್ದಾಗ ಮಾತ್ರ ಕಲ್ಲಿನ ಛಾವಣಿ ಸಹ್ಯವಾಗುತ್ತದೆ.

ಸೂರ್ಯನ ದಾರಿಯನ್ನು ಅರಿತವನಿಗೆ ಮನೆಯ ಯಾವ ಅಂಗಕ್ಕೆ ಮೊದಲು ರಕ್ಷಣೆ ಬೇಕೆಂಬುದು ತಾನೇ ಹೊಳೆಯುತ್ತದೆ. ಈ ಐದೂ ಊರುಗಳು 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿವೆ. ಮೇ ತಿಂಗಳ ಎರಡನೆಯ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ಇಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಆಗ ಬಿಸಿಲಿನ ಹೊಡೆತವನ್ನು ಹೆಚ್ಚಾಗಿ ತಿನ್ನುವುದು ಛಾವಣಿ. ಅನಂತರದ ಸ್ಥಾನ ಪೂರ್ವ ಪಶ್ಚಿಮದ ಗೋಡೆಗಳದು. ದಕ್ಷಿಣೋತ್ತರ ಗೋಡೆಗಳ ಮೇಲೆ ಬೀಳುವುದು ಅತ್ಯಲ್ಪ. ಆದಕಾರಣ ಮನೆಯ ಉದ್ದವು ಪೂರ್ವ ಪಶ್ಚಿಮವಾಗಿರಬೇಕು, ಪಶ್ಚಿಮಕ್ಕೆ ಪಡಸಾಲೆಯೋ ಬೇವಿನ ಮರವೋ ಕಣಜದ ಕೋಣೆಯೋ ಅಡ್ಡವಿರಬೇಕು, ಕೈಯಲ್ಲಿರುವ ಹಣದ ಮೊದಲ ಪಾಲು ಛಾವಣಿಗೆ ಸಲ್ಲಬೇಕು. ಆದರೆ ಇಂದು ಕಟ್ಟುವವರಲ್ಲಿ ಬಹುಮಂದಿ ಹಣವನ್ನು ಮುಂಭಾಗದ ಬಣ್ಣಕ್ಕೂ ಗಾಜಿನ ಕಿಟಕಿಗೂ ಸುರಿದು, ಛಾವಣಿಯನ್ನು ಬೋಳಾಗಿ ಬಿಡುತ್ತಾರೆ.

ಹಾಗೆಂದು ಹಳೆಯದೆಲ್ಲವೂ ಹೊನ್ನೆಂದು ಹಾಡಿ ಹೊಗಳುವುದು ವಿವೇಕವಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಸಾವಿರಾರು ಜನ ಮಲಗಿದಲ್ಲೇ ಮಡಿದರು. ಅವರಲ್ಲಿ ಬಹುಪಾಲು ಜನರ ಮೇಲೆ ಕುಸಿದುದು ಮಣ್ಣಿನಲ್ಲಿ ಕಟ್ಟಿದ ದುಂಡುಗಲ್ಲಿನ ಗೋಡೆಗಳು ಮತ್ತು ವರ್ಷವರ್ಷಕ್ಕೂ ಮಣ್ಣು ಸೇರಿಸಿ ಭಾರವಾಗಿಸಿದ್ದ ಮಾಳಿಗೆಗಳು. 2021ರ ಅಕ್ಟೋಬರ್ ತಿಂಗಳಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವಾರದಲ್ಲಿ ಮತ್ತೆ ಮತ್ತೆ ನೆಲ ಕಂಪಿಸಿ ಜನರು ಮನೆಯೊಳಗೆ ಮಲಗಲು ಅಂಜಿ ಬಯಲಲ್ಲಿ ರಾತ್ರಿ ಕಳೆದುದನ್ನು ಈ ಭಾಗದವರು ಇನ್ನೂ ಮರೆತಿಲ್ಲ. ತಂಪು ಕೊಟ್ಟ ಮನೆಯೇ ಸಮಾಧಿಯೂ ಆಗಬಹುದೆಂಬ ಈ ಪಾಠವನ್ನು ಬದಿಗಿಟ್ಟು ಮಾಳಿಗೆ ಮನೆಗೆ ಮರಳಿರೆಂದು ಉಪದೇಶಿಸುವುದು ಹೊಣೆಗೇಡಿತನ. ಗೋಡೆಯ ಎರಡು ಮೈಗಳನ್ನು ಬೆಸೆಯುವ ಉದ್ದನೆಯ ಕಟ್ಟುಗಲ್ಲುಗಳು, ಬಾಗಿಲು ಕಿಟಕಿಗಳ ಮೇಲೆ ಮನೆಯ ಸುತ್ತ ಹರಿಯುವ ಕಬ್ಬಿಣ ಕಾಂಕ್ರೀಟಿನ ಪಟ್ಟಿ, ಮೂಲೆಗಳ ಬಿಗಿಯಾದ ಜೋಡಣೆ, ಹಗುರವಾದ ಛಾವಣಿ, ಇವಿಲ್ಲದೆ ಕಲ್ಲಿನ ಗೋಡೆಯನ್ನು ಏರಿಸಲಾಗದು. ಎರೆಮಣ್ಣಿನ ನೆಲದಲ್ಲಿ ಕಟ್ಟುವವರಿಗೆ ಇನ್ನೊಂದು ಎಚ್ಚರವೂ ಬೇಕು. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಆ ಮಣ್ಣು ಆಳವಿಲ್ಲದ ಪಾಯವನ್ನು ಉಳಿಯಗೊಡುವುದಿಲ್ಲ.

ಹಾಗಾದರೆ ತಂಪೂ ಭದ್ರತೆಯೂ ಒಂದೇ ಸೂರಿನ ಕೆಳಗೆ ಕೂಡಿ ಬರುವ ಬಗೆ ಯಾವುದು? ಉಪಾಯಗಳು ಹಲವಾರಿವೆ, ದುಬಾರಿಯೂ ಅಲ್ಲ. ಬೇಸಗೆಗೆ ಮುನ್ನ ಛಾವಣಿಯನ್ನು ತೊಳೆದು ದಪ್ಪವಾಗಿ ಸುಣ್ಣ ಬಳಿದರೆ ಬಿಸಿಲಿನ ಬಹುಭಾಗ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಮಳೆಗೆ ಅದು ತೊಳೆದುಹೋಗುವುದರಿಂದ ಪ್ರತಿವರ್ಷ ಬಳಿಯಬೇಕೆಂಬುದೊಂದೇ ಅದರ ಕೊರತೆ. ಇದನ್ನು ಬಡವರ ಮದ್ದೆಂದು ಕಡೆಗಣಿಸಬೇಕಾಗಿಲ್ಲ. ಅಹಮದಾಬಾದು ನಗರವು 2013ರಲ್ಲಿ ಬಿಸಿಗಾಳಿಯನ್ನೆದುರಿಸುವ ಯೋಜನೆಯನ್ನು ಕೈಗೊಂಡು, ಮುಂದೆ ಬಿಳಿಯ ಛಾವಣಿಗಳನ್ನೂ ಅದರಲ್ಲಿ ಸೇರಿಸಿಕೊಂಡಿತು. ಸೇಡಂ ಮತ್ತು ಚಿಂಚೋಳಿಗಳ ನೆರೆಯ ತೆಲಂಗಾಣ ರಾಜ್ಯವು 2023ರಲ್ಲಿ ತಂಪು ಛಾವಣಿಗಾಗಿಯೇ ಒಂದು ನೀತಿಯನ್ನು ಜಾರಿಗೆ ತಂದಿತು. ಸಿಮೆಂಟಿನ ಛಾವಣಿ ಹಾಕುವವರು ಅದರ ಕೆಳಭಾಗದ ಕಾಂಕ್ರೀಟಿನ ಬದಲು ನಡುನಡುವೆ ಹಂಚನ್ನೋ ಇಟ್ಟಿಗೆಯನ್ನೋ ತುಂಬಿದರೆ ಸಿಮೆಂಟೂ ಉಳಿಯುತ್ತದೆ, ಕಾವೂ ತಗ್ಗುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಅವರು ಈ ಪದ್ಧತಿಯನ್ನು ನೂರಾರು ಮನೆಗಳಲ್ಲಿ ಬಳಕೆಗೆ ತಂದರು. ತಗಡಿನ ಮನೆಯವರು ತಗಡಿನ ಕೆಳಗೆ ಒಂದು ಮೊಳ ಅಂತರ ಬಿಟ್ಟು ಬಿದಿರಿನ ತಟ್ಟಿಯನ್ನು ಕಟ್ಟಿ, ಆ ಸಂದಿನಲ್ಲಿ ಗಾಳಿ ಆಡಿಹೋಗಲು ಎರಡೂ ತುದಿಗಳನ್ನು ತೆರೆದಿಟ್ಟರೆ ಕಾವಿನ ಉರಿ ನೇರವಾಗಿ ಮೈಗೆ ತಾಗುವುದಿಲ್ಲ. ಇಲ್ಲಿಯ ಬೇಸಗೆಯ ಗಾಳಿ ಒಣಗಾಳಿಯಾದುದರಿಂದ ಒದ್ದೆಯಾದ ಲಾವಂಚದ ತಟ್ಟಿಯೂ ಕೆಲಸ ಮಾಡುತ್ತದೆ. ಆದರೆ ಕುಡಿಯುವ ನೀರಿಗೇ ಸಾಲಿನಲ್ಲಿ ನಿಲ್ಲುವ ಊರಿನಲ್ಲಿ ಅದನ್ನು ಮೊದಲ ಉಪಾಯವೆಂದು ಹೇಳಲಾಗದು.

ಇದಿಷ್ಟನ್ನೂ ಯಾರು ಯಾರಿಗೆ ಕಲಿಸಬೇಕು? ಶಾಲೆ ಈ ವಿಷಯದಲ್ಲಿ ಪ್ರವೇಶಿಸಬೇಕಾದುದು ಇಲ್ಲಿಯೇ. 2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಆವಾಸ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಮನೆಯ ಕನಿಷ್ಠ ವಿಸ್ತೀರ್ಣ 25 ಚದರ ಮೀಟರು. ಗುತ್ತಿಗೆದಾರನ ಹಂಗಿಲ್ಲದೆ ಫಲಾನುಭವಿಯೇ ತನ್ನ ಮನೆಯನ್ನು ಕಟ್ಟಿಸಿಕೊಳ್ಳಬೇಕೆಂಬುದು ಅದರ ನಿಯಮ. ನಿಯಮವೇನೋ ಒಳ್ಳೆಯದು. ಆದರೆ ಗೋಡೆಯ ದಿಕ್ಕು, ಛಾವಣಿಯ ಹೊದಿಕೆ, ಗಾಳಿಯ ಕಿಂಡಿ, ಕಟ್ಟುಗಲ್ಲು ಇವುಗಳನ್ನು ಕುರಿತು ಆ ತಂದೆತಾಯಿಗಳಿಗೆ ಹೇಳುವವರಾರು? ಹತ್ತು ವರ್ಷ ಶಾಲೆಯಲ್ಲಿ ಕುಳಿತ ಅವರ ಮಗನು ಶಾಖದ ಪ್ರಸರಣದ ಮೂರು ಬಗೆಗಳನ್ನು ಪರೀಕ್ಷೆಯಲ್ಲಿ ತಪ್ಪಿಲ್ಲದೆ ಬರೆಯುತ್ತಾನೆ. ಮನೆಗೆ ಬಂದು ತಲೆಯ ಮೇಲಿನ ಸೂರೇಕೆ ಸುಡುತ್ತದೆಂದು ಕೇಳಿದರೆ ನಿರುತ್ತರನಾಗುತ್ತಾನೆ. ವಿದ್ಯೆಗೂ ಬಾಳಿಗೂ ನಡುವಣ ಈ ಕಂದರವನ್ನು ತುಂಬಬಲ್ಲುದು ಕಾರ್ಯಾಗಾರವೊಂದೇ.

ಕಾರ್ಯಾಗಾರವೆಂದರೆ ಬೀಗ ಹಾಕಿದ ಕೋಣೆಯಲ್ಲಿ ತುಕ್ಕು ಹಿಡಿದ ನಾಲ್ಕು ಉಪಕರಣಗಳಲ್ಲ. ಆ ಕಟ್ಟಡವೇ ಮೊದಲ ಪಾಠವಾಗಬೇಕು. ಅದರ ಗೋಡೆಯನ್ನು ಊರಿನ ಕಲ್ಲುಕುಟಿಗರ ಕೈಕೆಳಗೆ ಮೇಲಿನ ತರಗತಿಯ ವಿದ್ಯಾರ್ಥಿಗಳು ಕಟ್ಟಲಿ. ಛಾವಣಿ ಎತ್ತರವಾಗಿರಲಿ, ನೆತ್ತಿಯಲ್ಲಿ ಬಿಸಿಗಾಳಿ ಹೊರಹೋಗಲು ದಾರಿಯಿರಲಿ, ಬೆಳಕು ಉತ್ತರದಿಂದ ಬರಲಿ, ಏಕೆಂದರೆ ಮೇಯಿಂದ ಜುಲೈವರೆಗಿನ ಕೆಲವು ವಾರಗಳನ್ನುಳಿದು ಮಧ್ಯಾಹ್ನದ ಬಿಸಿಲು ಆ ಕಡೆಯಿಂದ ಇಣುಕುವುದಿಲ್ಲ. ಬೆಸುಗೆಯ ಒಲೆ, ಕುಲುಮೆಗಳು ಗಾಳಿಯ ಕೆಳದಿಕ್ಕಿನಲ್ಲಿ, ತೆರೆದ ಪಡಸಾಲೆಯಲ್ಲಿರಲಿ. ಕಲ್ಲನ್ನು ಕೊಯ್ಯುವಾಗ ನೀರು ಹನಿಸಿಯೇ ಕೊಯ್ಯುವ ಅಭ್ಯಾಸವಾಗಲಿ; ಕಲ್ಲಿನ ಧೂಳು ಶ್ವಾಸಕೋಶಕ್ಕೆ ಮಾಡುವ ಕೇಡನ್ನು ಗಣಿಯ ಊರುಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಅಂಗಳದಲ್ಲಿ ತಗಡು, ಬರಿಯ ಫರಸಿ, ಸುಣ್ಣ ಬಳಿದ ಫರಸಿ, ಹಂಚು ತುಂಬಿದ ಕಾಂಕ್ರೀಟು ಹೀಗೆ ನಾಲ್ಕು ಸಣ್ಣ ಸೂರುಗಳನ್ನು ನಿಲ್ಲಿಸಿ, ಪ್ರತಿಯೊಂದರ ಕೆಳಗೆ ಒಂದು ಉಷ್ಣಮಾಪಕವನ್ನು ತೂಗುಹಾಕಿ, ಬೇಸಗೆಯುದ್ದಕ್ಕೂ ಮಕ್ಕಳೇ ಅಂಕಿಗಳನ್ನು ಬರೆದಿಡಲಿ. ಆ ಅಂಕಿಗಳನ್ನು ಕಂಡ ಬಾಲಕನಿಗೆ ಯಾವ ಉಪನ್ಯಾಸವೂ ಬೇಕಾಗದು. ಅವನು ಮನೆಗೆ ಹೋಗಿ ತಾನೇ ಸುಣ್ಣದ ಬಕೀಟು ಹಿಡಿಯುತ್ತಾನೆ. ಇದು ಕೈಗೂಡದ ಕನಸೂ ಅಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರವು ಗ್ರಾಮೀಣ ಮನೆಗಳನ್ನು ವಿಜ್ಞಾನದ ವಿಷಯವೆಂದೇ ಕೈಗೆತ್ತಿಕೊಂಡಿತು, ಅಲ್ಲಿ ಕೆ.ಎಸ್. ಜಗದೀಶ್ ಮೊದಲಾದವರು ಸ್ವಲ್ಪವೇ ಸಿಮೆಂಟು ಬೆರೆಸಿ ಕೈಯಂತ್ರದಲ್ಲಿ ಒತ್ತಿದ, ಸುಡದ ಮಣ್ಣಿನ ಇಟ್ಟಿಗೆಗಳನ್ನು ನಾಡಿಗೆ ಪರಿಚಯಿಸಿದರು. ದೊಡ್ಡ ವಿಜ್ಞಾನಿಗಳು ಮಣ್ಣು ಮುಟ್ಟಲು ಸಂಕೋಚಪಡದಿದ್ದಾಗ ಶಾಲೆಗಳು ಸಂಕೋಚಪಡುವುದೇಕೆ? ಕಾಯಕದ ಮಹತ್ತನ್ನು ವೇದಿಕೆಯ ಮೇಲೆ ಸಾರುವ ಸಂಸ್ಥೆಗಳಿಗೆ ಗಾರೆಯ ಕೈ ಹೊಸದಾಗಬಾರದು.

ಕೊನೆಯದಾಗಿ ದಾನಿಗಳನ್ನು ಕುರಿತು ಒಂದು ಮಾತು. ಶಾಲೆಗೆ ಕೋಣೆ ಕಟ್ಟಿಸಿಕೊಡುವ ಔದಾರ್ಯ ಈ ಭಾಗದಲ್ಲಿ ಬತ್ತಿಲ್ಲ, ಅದು ವಂದನೀಯ. ಆದರೆ ದಾನಿಯ ಹೆಸರು ಕೆತ್ತಿದ ನುಣುಪು ಕಲ್ಲು ನೆರಳಿನಲ್ಲಿ ತಣ್ಣಗಿದ್ದು, ಅದೇ ಕೋಣೆಯೊಳಗೆ ಐವತ್ತು ಮಕ್ಕಳು ಮಾರ್ಚಿ ತಿಂಗಳ ಪರೀಕ್ಷೆಯಲ್ಲಿ ಬೆವರು ಒರೆಸಿಕೊಳ್ಳುತ್ತ ಬರೆಯುವಂತಾದರೆ ದಾನದ ಅರ್ಧ ಫಲ ಬಿಸಿಲಿನ ಪಾಲಾದಂತೆ. ಮುಂದೆ ಕೋಣೆ ಕೊಡುವವರು ಎಷ್ಟು ಕೋಣೆ ಎಂಬ ಪ್ರಶ್ನೆಯ ಜೊತೆಗೆ ಛಾವಣಿ ಎಂತಹುದು, ಪಶ್ಚಿಮಕ್ಕೆ ನೆರಳಿದೆಯೇ, ಗೋಡೆಗೆ ಪಟ್ಟಿ ಹಾಕಿದೆಯೇ ಎಂದೂ ಕೇಳುವುದು ಯುಕ್ತ. ಹೊಸ ಕೋಣೆ ಕೊಡಲಾಗದವರು ಹಳೆಯ ಕೋಣೆಗಳ ಛಾವಣಿಗೆ ಪ್ರತಿವರ್ಷ ಸುಣ್ಣ ಬಳಿಸುವ ಹೊಣೆಯನ್ನಾದರೂ ಹೊರಬಹುದು. ಹೊರ ಊರುಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಕಟ್ಟಡ ಶಾಸ್ತ್ರ ಬಲ್ಲವರು ವರ್ಷಕ್ಕೆ ಒಂದು ವಾರ ಬಂದು ಕಾರ್ಯಾಗಾರದಲ್ಲಿ ನಿಂತರೆ ಅದು ಹಣಕ್ಕಿಂತ ಮಿಗಿಲಾದ ಕಾಣಿಕೆ.

ಸೇಡಂ ತಾಲ್ಲೂಕಿನ ಮಳಖೇಡ, ಕಾಗಿಣಾ ತೀರದ ಆ ಮಾನ್ಯಖೇಟ, ನೃಪತುಂಗನ ರಾಜಧಾನಿಯಾಗಿತ್ತು. ಅವನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ಕನ್ನಡದಲ್ಲಿ ದೊರೆತಿರುವ ಗ್ರಂಥಗಳಲ್ಲಿ ಮೊದಲನೆಯದು. ಈ ನಾಡಿನ ಜನ ಓದದೆಯೂ ಕಾವ್ಯದಲ್ಲಿ ನುರಿತವರೆಂದು ಅದು ಮೆಚ್ಚಿ ನುಡಿದಿದೆ. ಓದದೆಯೇ ಮನೆ ಕಟ್ಟುವುದರಲ್ಲಿಯೂ ನುರಿತಿದ್ದ ಜನ ಇವರು. ಆ ನುರಿತ ಕೈಗಳು ಒಂದೊಂದಾಗಿ ಕಣ್ಮರೆಯಾಗುತ್ತಿವೆ. ಅವರಲ್ಲಿ ಉಳಿದಿರುವ ಅರಿವನ್ನು ಓದಿದ ಮಕ್ಕಳ ಕೈಗೆ ದಾಟಿಸಿ, ಕಿಲ್ಲಾರಿ ಮತ್ತು ಗಡಿಕೇಶ್ವಾರಗಳು ಕಲಿಸಿದ ಎಚ್ಚರವನ್ನು ಅದಕ್ಕೆ ಕೂಡಿಸುವ ಕೆಲಸ ಶಾಲೆಗಳದು. ಮುಂದಿನ ಬೇಸಗೆ ಬರುವುದರೊಳಗೆ ಒಂದು ಶಾಲೆಯಾದರೂ ತನ್ನ ಅಂಗಳದಲ್ಲಿ ಪಾಯ ತೋಡಿದರೆ ಆ ಕೆಲಸ ಆರಂಭವಾದಂತೆಯೇ.