ಶುಶ್ರೂಷೆ ಎಂಬ ಮಾತು

ರೋಗಿಯ ಆರೈಕೆಗೆ ನಮ್ಮ ಭಾಷೆಯಲ್ಲಿ ‘ಶುಶ್ರೂಷೆ’ ಎಂಬ ಹೆಸರುಂಟು. ಈ ಮಾತು ಸಂಸ್ಕೃತದಿಂದ ಬಂದದ್ದು. ‘ಶ್ರು’ ಎಂಬ ಧಾತುವಿಗೆ ಕೇಳು ಎಂದು ಅರ್ಥ. ‘ಶುಶ್ರೂಷಾ’ ಎಂದರೆ ಕೇಳಬೇಕೆಂಬ ಬಯಕೆ. ಗುರುವಿನ ಮಾತಿಗೆ ಕಿವಿಗೊಟ್ಟು ನಿಂತ ಶಿಷ್ಯನ ವಿನಯವನ್ನು ಸೂಚಿಸುತ್ತಿದ್ದ ಪದವು ಸೇವೆ ಎಂಬ ಅರ್ಥವನ್ನು ತಾಳಿ, ಕನ್ನಡದಲ್ಲಿ ರೋಗಿಯ ಆರೈಕೆಗೆ ನಿಂತಿತು. ಮದ್ದು ಕೊಡುವುದಕ್ಕೆ ಮೊದಲು, ಗಾಯ ಕಟ್ಟುವುದಕ್ಕೆ ಮೊದಲು, ಹಾಸಿಗೆ ಹಿಡಿದವನ ಮಾತನ್ನು ಕೇಳುವ ಮನಸ್ಸು ಬೇಕು ಎಂಬ ತಿಳಿವು ಈ ಒಂದು ಪದದಲ್ಲಿ ಅಡಗಿದೆ. ಆದರೆ ಕೇಳುವುದಕ್ಕೆ ಬಯಕೆಯೊಂದೇ ಸಾಲದು. ಹೇಳುವವನ ಭಾಷೆ ತಿಳಿದಿರಬೇಕು. ಅವನ ಬದುಕಿನ ರೀತಿ ನೀತಿಗಳು ಗೊತ್ತಿರಬೇಕು. ಆದುದರಿಂದಲೇ ದಾದಿಯ ವಿದ್ಯೆಗೂ ಅವಳು ಹುಟ್ಟಿ ಬೆಳೆದ ನೆಲದ ಸಂಸ್ಕೃತಿಗೂ ಬಿಡಿಸಲಾಗದ ನಂಟು ಇದೆ.

ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ. ಈ ಎರಡು ಹೊಳೆಗಳ ನಡುವಿನ ನೆಲವನ್ನು ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ. ಈ ತಾಲ್ಲೂಕುಗಳ ಹಳ್ಳಿಗಳಿಂದ ಹೆಣ್ಣುಮಕ್ಕಳು, ಈಚೆಗೆ ಗಂಡುಮಕ್ಕಳೂ, ನರ್ಸಿಂಗ್ ಕಲಿಯಲು ರಾಯಚೂರಿಗೆ ಬರುತ್ತಾರೆ. 2007ರಲ್ಲಿ ರಾಯಚೂರು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ಸ್ಥಾಪನೆಯಾದ ಮೇಲೆ, ಈ ನಗರವು ವೈದ್ಯ ವಿದ್ಯೆಗೆ ಒಂದು ಮುಖ್ಯ ನೆಲೆಯಾಗಿದೆ. ಹಾಗೆ ಬಂದವರಲ್ಲಿ ತಮ್ಮ ಮನೆತನದಲ್ಲಿ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರು ಅನೇಕರು. ಅವರ ಪಠ್ಯಗಳು ಇಂಗ್ಲಿಷಿನಲ್ಲಿವೆ. ಕೈಯಲ್ಲಿ ದೀಪ ಹಿಡಿದು ಅವರು ತೊಡುವ ಪ್ರತಿಜ್ಞೆಯು ಫ್ಲಾರೆನ್ಸ್ ನೈಟಿಂಗೇಲಳ ನೆನಪನ್ನು ತರುತ್ತದೆ. ಇಂತಹ ವಾತಾವರಣದಲ್ಲಿ ತನ್ನ ಊರಿನ ಮಾತು, ಊಟ, ಹಾಡು, ಹಬ್ಬಗಳೆಲ್ಲವೂ ಹಿಂದುಳಿದವು ಎಂಬ ಅಳುಕು ಎಳೆಯ ಮನಸ್ಸಿನಲ್ಲಿ ಮೂಡುವುದು ಸಹಜ. ಬಿಳಿಯ ಉಡುಪು ತೊಟ್ಟ ದಿನ ತನ್ನ ಪರಂಪರೆಯನ್ನು ಹಾಸ್ಟೆಲಿನ ಪೆಟ್ಟಿಗೆಯಲ್ಲಿ ಮಡಿಸಿಡಬೇಕೆ? ಅಥವಾ ಅದನ್ನು ವಾರ್ಡಿನೊಳಗೂ ಕರೆದೊಯ್ಯಬೇಕೆ?

ಕರೆದೊಯ್ಯಬೇಕು ಎಂಬುದೇ ನನ್ನ ಅಭಿಪ್ರಾಯ. ಆದರೆ ಇದ್ದುದನ್ನು ಇದ್ದಂತೆಯೇ ಹೊತ್ತು ಒಯ್ಯುವುದಲ್ಲ; ಮೊರದಲ್ಲಿ ಕೇರಿ, ಕಾಳನ್ನು ಉಳಿಸಿಕೊಂಡು, ಹೊಟ್ಟನ್ನು ತೂರಿ ಒಯ್ಯಬೇಕು.

ಮೊದಲು ಭಾಷೆಯನ್ನು ನೋಡೋಣ. ದೇವದುರ್ಗದ ಹಳ್ಳಿಯ ಮುದುಕಿಯೊಬ್ಬಳು ದವಾಖಾನೆಗೆ ಬಂದು “ಜೀವ ಗಾಬರಿ ಆಗ್ಯಾದ ಯವ್ವಾ, ಮೈಯಾಗ ಕಸುವಿಲ್ಲ” ಎನ್ನುತ್ತಾಳೆ ಎಂದುಕೊಳ್ಳಿ. ಗಾಬರಿ ಎಂದರೆ ಹೆದರಿಕೆ ಎಂದಷ್ಟೇ ಅರಿತವರು, “ಹೆದರಬೇಡಿ, ಏನೂ ಆಗುವುದಿಲ್ಲ” ಎಂದು ಸಮಾಧಾನ ಹೇಳಿ ಮುಂದೆ ಹೋದಾರು. ಆ ಸೀಮೆಯಲ್ಲಿ ಬೆಳೆದವಳಿಗಾದರೋ, ಮುದುಕಿಯ ಎದೆ ಬಡಿತ ಏರಿರಬಹುದು, ಉಸಿರು ಸಿಕ್ಕುತ್ತಿರಬಹುದು, ಕಣ್ಣು ಕತ್ತಲಿಡುತ್ತಿರಬಹುದು ಎಂಬ ಶಂಕೆ ಒಡನೆಯೇ ಹುಟ್ಟುತ್ತದೆ. ಅವಳು ನಾಡಿ ಹಿಡಿಯುತ್ತಾಳೆ, ರಕ್ತದ ಒತ್ತಡ ನೋಡುತ್ತಾಳೆ, ವೈದ್ಯರನ್ನು ಕರೆಯುತ್ತಾಳೆ. ‘ಬ್ಯಾನಿ ತಿನ್ನಾಕತ್ಯಾಳ’ ಎಂಬ ಮಾತು ಕಿವಿಗೆ ಬಿದ್ದೊಡನೆ, ಇದು ಬರಿಯ ಹೊಟ್ಟೆನೋವಲ್ಲ, ಹೆರಿಗೆಯ ನೋವು ಎಂದು ತಿಳಿಯುತ್ತಾಳೆ. ಪುಸ್ತಕದ ಇಂಗ್ಲಿಷ್ ಹೆಸರುಗಳನ್ನು ಅವಳು ಚೆನ್ನಾಗಿ ಕಲಿಯಲೇಬೇಕು. ಆದರೆ ರೋಗವು ಪುಸ್ತಕದ ಭಾಷೆಯಲ್ಲಿ ಮಾತನಾಡುವುದಿಲ್ಲ. ರೋಗಿಯ ಭಾಷೆಯಲ್ಲಿ ಮಾತನಾಡುತ್ತದೆ. ನಾಚಿಕೆಯಿಂದ ಮುಚ್ಚಿಟ್ಟ ಊರಿನ ನುಡಿಯೇ ಒಂದು ದಿನ ಒಂದು ಜೀವವನ್ನು ಉಳಿಸಬಹುದು.

ಈ ಮಾತಿಗೆ ಒಪ್ಪುವ ಐತಿಹ್ಯವೊಂದು ಈ ನೆಲದಲ್ಲಿಯೇ ಇದೆ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಸಂಸ್ಕೃತ ವಿದ್ವಾಂಸರಿದ್ದರು. ಅದೇ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿದ ವಿಜಯದಾಸರು ಕನ್ನಡದಲ್ಲಿ ಹಾಡುತ್ತ ಊರೂರು ತಿರುಗುತ್ತಿದ್ದರು. ಕನ್ನಡದ ಹಾಡುಗಾರರನ್ನು ಆಚಾರ್ಯರು ಲಘುವಾಗಿ ಕಂಡರಂತೆ. ಕೆಲವು ಕಾಲದಲ್ಲಿ ಅವರನ್ನು ಕಠಿಣವಾದ ಹೊಟ್ಟೆಯ ಬೇನೆ ಹಿಡಿಯಿತು. ಯಾವ ಔಷಧವೂ ನಾಟದೆ, ಕೊನೆಗೆ ಅವರು ದೇವದುರ್ಗ ಸೀಮೆಯ ಮೊಸರಕಲ್ಲಿನಲ್ಲಿ ಹುಟ್ಟಿದ ಗೋಪಾಲದಾಸರಲ್ಲಿಗೆ ಬಂದರು. ಗೋಪಾಲದಾಸರು ಧನ್ವಂತರಿಯನ್ನು ಪ್ರಾರ್ಥಿಸಿ, ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷಗಳನ್ನು ಆ ರೋಗಿಗೆ ಧಾರೆಯೆರೆದರು ಎಂದು ಭಕ್ತರು ನಂಬುತ್ತಾರೆ. ಗುಣ ಹೊಂದಿದ ಆಚಾರ್ಯರೇ ಮುಂದೆ ಜಗನ್ನಾಥದಾಸರಾಗಿ, ‘ಹರಿಕಥಾಮೃತಸಾರ’ವನ್ನು ಕನ್ನಡದ ಭಾಮಿನಿ ಷಟ್ಪದಿಯಲ್ಲಿ ರಚಿಸಿದರು.

ಆಯುಷ್ಯವನ್ನು ದಾನ ಮಾಡಿದ್ದನ್ನು ವಿಜ್ಞಾನದ ತಕ್ಕಡಿಯಲ್ಲಿ ತೂಗುವುದು ಇಲ್ಲಿಯ ಉದ್ದೇಶವಲ್ಲ. ಈ ಕಥೆಯನ್ನು ತಲೆತಲಾಂತರಕ್ಕೆ ಕಾಯ್ದುಕೊಂಡು ಬಂದ ಜನದ ಮನಸ್ಸು ನಮಗೆ ಮುಖ್ಯ. ಕಲಿತವನ ಗರ್ವ ಒಂದು ಕಾಯಿಲೆ ಎಂದೂ, ರೋಗಿಗಾಗಿ ತನ್ನ ಬಾಳಿನ ಒಂದು ಭಾಗವನ್ನು ಕೊಡುವುದು ದೊಡ್ಡತನ ಎಂದೂ ಆ ಮನಸ್ಸು ತಿಳಿದಿತ್ತು. ರಾತ್ರಿಯ ಪಾಳಿಯಲ್ಲಿ ನಿದ್ದೆಗೆಟ್ಟು ಅಪರಿಚಿತನ ಹಾಸಿಗೆಯ ಬಳಿ ನಿಲ್ಲುವ ದಾದಿಯೂ ತನ್ನ ಆಯುಷ್ಯದ ಗಂಟೆಗಳನ್ನೇ ಕೊಡುತ್ತಾಳೆ. ತನ್ನ ಕೆಲಸವು ಹೊರಗಿನಿಂದ ಬಂದದ್ದಲ್ಲ, ತನ್ನ ನೆಲದ ಕಥೆಯೊಳಗೆ ಅದಕ್ಕೆ ಬೇರಿದೆ ಎಂದು ಅರಿತಾಗ ಅವಳ ಬೆನ್ನು ನೆಟ್ಟಗಾಗುವುದಿಲ್ಲವೆ?

ಬೇರುಗಳು ಇನ್ನೂ ಆಳದಲ್ಲಿವೆ. ಇದೇ ಜಿಲ್ಲೆಯ ಮಸ್ಕಿಯಲ್ಲಿ 1915ರಲ್ಲಿ ದೊರೆತ ಶಾಸನವು ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಖಚಿತಪಡಿಸಿತು. ಆ ಅರಸನು ತನ್ನ ಎರಡನೆಯ ಬಂಡೆಗಲ್ಲಿನ ಶಾಸನದಲ್ಲಿ, ಮನುಷ್ಯರಿಗೂ ಪಶುಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿಸಿದುದನ್ನೂ, ಮೂಲಿಕೆಗಳು ಇಲ್ಲದೆಡೆಗಳಿಗೆ ಅವುಗಳನ್ನು ತರಿಸಿ ನೆಡಿಸಿದುದನ್ನೂ ಹೇಳಿಕೊಂಡಿದ್ದಾನೆ. ಚರಕಸಂಹಿತೆಯು ವೈದ್ಯ, ಔಷಧ, ಪರಿಚಾರಕ, ರೋಗಿ ಎಂದು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಎಣಿಸುತ್ತದೆ. ಪರಿಚಾರಕನಿಗೆ ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ ಎಂಬ ನಾಲ್ಕು ಗುಣಗಳನ್ನು ವಿಧಿಸುತ್ತದೆ. ಇಂದಿನ ನರ್ಸಿಂಗ್ ಶಾಲೆಯೂ ಈ ನಾಲ್ಕನ್ನು ಬಿಟ್ಟು ಬೇರೇನನ್ನೂ ಬೇಡುವುದಿಲ್ಲ.

ಇಷ್ಟು ಹೇಳಿ ಹೆಮ್ಮೆಪಟ್ಟು ಸುಮ್ಮನಾದರೆ ಅರ್ಧ ಸತ್ಯವನ್ನು ಹೇಳಿದಂತಾಗುತ್ತದೆ. ಆರೈಕೆಯನ್ನು ಹಾಡಿ ಹೊಗಳಿದ ನಾವು ಆರೈಕೆ ಮಾಡುವ ಕೈಯನ್ನು ಗೌರವಿಸಿದೆವೆ? ಹಳ್ಳಿ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದವಳು ಸೂಲಗಿತ್ತಿ. ಅನೇಕ ಕಡೆ ಅವಳು ಕೆಳಗಿನದೆಂದು ತಳ್ಳಿದ ಜಾತಿಯವಳು. ನಡುರಾತ್ರಿಯಲ್ಲಿ ಅವಳನ್ನು ಕರೆತಂದರು. ಕೂಸು ಬಿದ್ದ ಮೇಲೆ ಒಂದು ಸೀರೆ, ಒಂದಿಷ್ಟು ಜೋಳ ಕೊಟ್ಟು ಕಳುಹಿಸಿದರು. ಯಾವ ಕೈ ಮಗುವನ್ನು ಈ ಲೋಕಕ್ಕೆ ಬರಮಾಡಿಕೊಂಡಿತೋ ಆ ಕೈಯನ್ನೇ ಮೈಲಿಗೆಯೆಂದು ದೂರವಿಟ್ಟರು. ರಕ್ತ, ಕೀವು, ಮಲಮೂತ್ರಗಳನ್ನು ಮುಟ್ಟುವ ಕೆಲಸ ಹೀನವಾದುದು ಎಂಬ ಈ ಭಾವನೆಯೇ ಬಹುಕಾಲ ನಮ್ಮ ಹೆಣ್ಣುಮಕ್ಕಳನ್ನು ನರ್ಸಿಂಗ್ ವೃತ್ತಿಯಿಂದ ಹಿಂದೆಳೆಯಿತು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರು ಅಕ್ಷರ ಕಲಿತವರಲ್ಲ. ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಹಣ ಪಡೆಯದೆ ಮಾಡಿಸಿದ ಅವರಿಗೆ 2018ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ನಾಡು ಅವರೊಬ್ಬರಿಗೆ ಮಾಡಿದ ಆ ಗೌರವವು ಹೆಸರಿಲ್ಲದೆ ಹೋದ ಸಾವಿರಾರು ಸೂಲಗಿತ್ತಿಯರಿಗೆ ಸಲ್ಲಬೇಕಾಗಿದ್ದ ಸಾಲ. ನರ್ಸಿಂಗ್ ಕಲಿಯುವ ಹುಡುಗಿ ತನ್ನ ಪರಂಪರೆಯನ್ನು ನೆನೆಯುವಾಗ ದಾಸರನ್ನೂ ಅರಸರನ್ನೂ ನೆನೆಯಲಿ; ಆದರೆ ತನ್ನ ಊರಿನ ಸೂಲಗಿತ್ತಿ ಅಜ್ಜಿಯನ್ನು ಮೊದಲು ನೆನೆಯಲಿ. ಅವಳ ವಿದ್ಯೆಗೆ ನಿಜವಾದ ಹಿರಿಯಳು ಆಕೆ.

ಹಿರಿಯರನ್ನು ಗೌರವಿಸುವುದೆಂದರೆ ಅವರು ಮಾಡಿದ್ದೆಲ್ಲ ಸರಿ ಎನ್ನುವುದಲ್ಲ. ನಮ್ಮ ಬಾಣಂತನದ ಪದ್ಧತಿಯನ್ನೇ ತೆಗೆದುಕೊಳ್ಳಿ. ಅಳವಿಯ ಪಾಯಸ, ಕೊಬ್ಬರಿ ಉತ್ತತ್ತಿಗಳ ಅಂಟಿನುಂಡೆ, ಮೆಂತ್ಯ, ಸಬ್ಬಸಿಗೆ ಇವು ಸೊರಗಿದ ದೇಹಕ್ಕೆ ಬಲ ಕೊಡುವ ಆಹಾರ. ಅಳವಿಯಲ್ಲಿ ಕಬ್ಬಿಣದ ಅಂಶ ಹೇರಳವಾಗಿದೆ. ರಕ್ತಹೀನತೆಯಿಂದ ಬಳಲುವ ತಾಯಂದಿರಿರುವ ಸೀಮೆಯಲ್ಲಿ ದಾದಿಯು ಮಾತ್ರೆಯ ಜೊತೆಗೆ ಈ ಆಹಾರವನ್ನೂ ನೆನಪಿಸಿದರೆ, ಅತ್ತೆ ಸೊಸೆ ಇಬ್ಬರೂ ತಲೆದೂಗುತ್ತಾರೆ. ಹೆತ್ತವಳಿಗೆ ತವರಿನಲ್ಲಿ ಕೆಲವು ತಿಂಗಳ ವಿಶ್ರಾಂತಿ, ತೊಟ್ಟಿಲ ಹಾಡು, ಎಣ್ಣೆ ನೀರು ಇವೆಲ್ಲ ಕಾಳು.

ಹೊಟ್ಟೂ ಉಂಟು. ಮಗುವಿಗೆ ತಾಯಿಯ ಮೊದಲ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು ಅಂಥದು. ಆ ಹಾಲೇ ಮಗುವಿಗೆ ರೋಗವನ್ನು ತಡೆಯುವ ಶಕ್ತಿ ಕೊಡುತ್ತದೆ. ಹುಟ್ಟಿದ ಒಂದು ಗಂಟೆಯೊಳಗೆ ಅದನ್ನು ಕುಡಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಣಂತಿಗೆ ನೀರು ಕೊಡದಿರುವುದು, ಗಾಳಿಯಾಡದ ಕೋಣೆಯಲ್ಲಿ ಕೆಂಡದ ಹೊಗೆ ಹಾಕುವುದು, ಕೂಸಿಗೆ ಬರೆ ಹಾಕುವುದು, ಹಾವು ಕಚ್ಚಿದವನನ್ನು ದವಾಖಾನೆಗೆ ಒಯ್ಯದೆ ಮಂತ್ರಗಾರನ ಮನೆಗೆ ಒಯ್ಯುವುದು ಇವೂ ನಮ್ಮಲ್ಲಿ ನಡೆದು ಬಂದವೇ. ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚಿದ್ದರಿಂದ ಧನುರ್ವಾಯು ತಗಲಿ ಕಣ್ಮುಚ್ಚಿದ ಹಸುಗೂಸುಗಳೆಷ್ಟೋ! ಗರ್ಭಿಣಿಯರಿಗೆ ಲಸಿಕೆ, ಶುಚಿಯಾದ ಹೆರಿಗೆ, ಊರೂರಿನ ದಾದಿಯರ ದುಡಿಮೆ ಇವುಗಳ ಫಲವಾಗಿ, ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ಭಾರತವು ನಿವಾರಿಸಿದೆ ಎಂದು 2015ರಲ್ಲಿ ಘೋಷಿತವಾಯಿತು. ಒಂದು ಹಳೆಯ ಆಚರಣೆಯನ್ನು ಬಿಟ್ಟುದರಿಂದ ನಮ್ಮ ಸಂಸ್ಕೃತಿ ಬಡವಾಗಲಿಲ್ಲ. ನಮ್ಮ ತೊಟ್ಟಿಲುಗಳು ತುಂಬಿದವು.

ಕಾಳು ಯಾವುದು, ಹೊಟ್ಟು ಯಾವುದು ಎಂದು ಅಳೆಯುವ ಮಾಪಕ ಒಂದೇ: ಇದರಿಂದ ರೋಗಿಯ ಜೀವಕ್ಕೆ ಹಿತವೋ, ಅಹಿತವೋ? ಮುತ್ತೈದೆಯಾದ ದಾದಿಗೆ ಕೈಬಳೆ ತೆಗೆಯುವುದು ಮನಸ್ಸಿಗೆ ಕಷ್ಟವಾಗಬಹುದು. ಆದರೆ ಬಳೆಯ ಸಂದಿಯಲ್ಲಿ ಸೋಂಕು ಉಳಿಯುತ್ತದೆ. ಆದುದರಿಂದ ಕೆಲಸದ ವೇಳೆಯಲ್ಲಿ ಬಳೆ ತೆಗೆದಿಡುವುದೇ ಧರ್ಮ. ಅದೇ ದಾದಿಯು ಹಾಸಿಗೆಯ ಮೇಲಿನ ಮುದುಕನನ್ನು “ಯಪ್ಪಾ” ಎಂದು ಕರೆಯುವ ರೂಢಿಯನ್ನು ಬಿಡಬೇಕಾಗಿಲ್ಲ. ಆ ಕರೆಯಿಂದ ಯಾರಿಗೂ ಸೋಂಕು ತಗಲುವುದಿಲ್ಲ. ಭಯ ಮಾತ್ರ ಕಳೆಯುತ್ತದೆ. ಬಡ ತಾಯಂದಿರು ಸರ್ಕಾರಿ ಆಸ್ಪತ್ರೆಯಲ್ಲಿ ಹೆರಲೆಂದು ಕರ್ನಾಟಕ ಸರ್ಕಾರವು 2007ರಲ್ಲಿ ಆರಂಭಿಸಿದ ಯೋಜನೆಗೆ ‘ಮಡಿಲು’ ಎಂದು ಹೆಸರಿಟ್ಟಿತು. ಮಡಿಲು ತುಂಬುವ ಸಂಪ್ರದಾಯವನ್ನು ಬಲ್ಲ ಹೆಂಗಸರಿಗೆ ಆ ಹೆಸರನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಪರಂಪರೆ ಎಂದೊಡನೆ ಅದು ತನ್ನ ಜಾತಿಯದು, ತನ್ನ ಮತದ್ದು ಎಂದು ಸಂಕೋಚಗೊಳಿಸುವುದು ತಪ್ಪು. ರಾಯಚೂರು 1948ರವರೆಗೆ ನಿಜಾಮರ ಹೈದರಾಬಾದು ಸಂಸ್ಥಾನದಲ್ಲಿದ್ದು, 1956ರಲ್ಲಿ ಕನ್ನಡ ರಾಜ್ಯವನ್ನು ಸೇರಿತು. ಇಲ್ಲಿಯ ಹಳ್ಳಿಗರ ಬಾಯಲ್ಲಿ ಆಸ್ಪತ್ರೆಗೆ ‘ದವಾಖಾನೆ’ ಎಂದೇ ಹೆಸರು. ಎಲ್ಲಿಂದಲೋ ಬಂದ ಆ ಮಾತು ಈಗ ಅಪ್ಪಟ ಕನ್ನಡ. ಒಂದೇ ವಾರ್ಡಿನಲ್ಲಿ ಉರ್ದು ಮನೆಮಾತಿನವರು, ತುಂಗಭದ್ರಾ ಕಾಲುವೆಯ ನೀರು ಬಂದ ಮೇಲೆ ಕ್ಯಾಂಪುಗಳಲ್ಲಿ ನೆಲಸಿದ ತೆಲುಗಿನವರು, ತಾಂಡಾಗಳ ಲಂಬಾಣಿಗರು ಅಕ್ಕಪಕ್ಕದಲ್ಲಿ ಮಲಗಿರುತ್ತಾರೆ. ಮೊಹರಮ್ಮಿನ ಅಲಾಯಿಯ ಸುತ್ತ ಎಲ್ಲ ಮತದವರೂ ಸೇರಿ ಹೆಜ್ಜೆ ಹಾಕುವ ನೆಲ ಇದು. ಈ ಕೂಡಿ ಬಾಳುವ ಗುಣವೇ ಎಡೆದೊರೆಯ ದೊಡ್ಡ ಆಸ್ತಿ. ರೋಗಿಯ ಜಾತಿಯನ್ನು ಕೇಳಿ ಮುಟ್ಟುವವಳು ತನ್ನ ವೃತ್ತಿಯನ್ನೂ ಅರಿತವಳಲ್ಲ, ತನ್ನ ನಾಡನ್ನೂ ಅರಿತವಳಲ್ಲ.

ರೋಗಕ್ಕೆ ದೇಶವಿಲ್ಲ, ಔಷಧಕ್ಕೆ ಭಾಷೆಯಿಲ್ಲ. ಹೀಗಿರುವಾಗ ನರ್ಸಿಂಗ್ ವಿದ್ಯೆಗೆ ಸಂಸ್ಕೃತಿಯ ಗೊಡವೆ ಏಕೆ ಎಂದು ಕೆಲವರು ಕೇಳಬಹುದು. ರೋಗಕ್ಕೆ ದೇಶವಿಲ್ಲವೆಂಬುದು ದಿಟ. ಆದರೆ ರೋಗಿಗೆ ದೇಶವುಂಟು. ಅಮೆರಿಕದ ಮ್ಯಾಡೆಲಿನ್ ಲೈನಿಂಜರ್ ಎಂಬ ದಾದಿಯು 1950ರ ದಶಕದಲ್ಲಿ ಮನೋವ್ಯಥೆಯುಳ್ಳ ಮಕ್ಕಳ ಆರೈಕೆಯಲ್ಲಿ ತೊಡಗಿದ್ದಾಗ ಒಂದು ಸಂಗತಿಯನ್ನು ಗಮನಿಸಿದಳು. ಬೇರೆ ಬೇರೆ ಸಂಸ್ಕೃತಿಗಳಿಂದ ಬಂದ ಮಕ್ಕಳು ಬೇರೆ ಬೇರೆ ಬಗೆಯ ಆರೈಕೆಯನ್ನು ಬಯಸುತ್ತಿದ್ದರು. ತಾನು ಕಲಿತ ವಿದ್ಯೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಅವಳು ಮತ್ತೆ ವಿದ್ಯಾರ್ಥಿನಿಯಾಗಿ ಮಾನವಶಾಸ್ತ್ರವನ್ನು ಓದಿ, ಪಾಪುವಾ ನ್ಯೂ ಗಿನಿಯ ಹಳ್ಳಿಗರ ನಡುವೆ ವಾಸಮಾಡಿ, ಸಂಸ್ಕೃತಿಯನ್ನು ಅರಿತು ಆರೈಕೆ ಮಾಡುವ ಕ್ರಮವನ್ನು ನರ್ಸಿಂಗ್ ಶಾಸ್ತ್ರದ ಒಂದು ಶಾಖೆಯಾಗಿ ಬೆಳೆಸಿದಳು. ಈ ಅರಿವನ್ನು ಪಡೆಯಲು ಅವಳು ಸಾಗರವನ್ನು ದಾಟಬೇಕಾಯಿತು. ಮಾನ್ವಿ, ದೇವದುರ್ಗಗಳ ಮಕ್ಕಳಿಗೆ ಅದರ ಮೊದಲ ಪಾಠ ಮನೆಯಂಗಳದಲ್ಲಿಯೇ ದೊರೆತಿದೆ. ನಾಳೆ ಅವರು ಬೆಂಗಳೂರಿಗೋ ಕೊಲ್ಲಿಯ ದೇಶಗಳಿಗೋ ಹೋಗಬಹುದು. ತನ್ನ ಊರಿನ ನಡೆನುಡಿಯ ಬೆಲೆಯನ್ನು ಬಲ್ಲವಳು, ಅಲ್ಲಿಯ ರೋಗಿಗೂ ಅವನದೇ ಆದ ಊರೊಂದಿದೆ, ತಾಯಿನುಡಿಯೊಂದಿದೆ ಎಂಬುದನ್ನು ಮರೆಯಲಾರಳು.

2018ರಲ್ಲಿ ಕೇಂದ್ರ ಸರ್ಕಾರವು ವಿಶೇಷ ಗಮನ ಬೇಡುವ ಮಹತ್ವಾಕಾಂಕ್ಷೆಯ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ಸೇರಿದ ಎರಡು ಜಿಲ್ಲೆಗಳಲ್ಲಿ ರಾಯಚೂರು ಒಂದು. ಇಲ್ಲಿಯ ತಾಯಿ ಮಕ್ಕಳ ಆರೋಗ್ಯ ಕಟ್ಟಡಗಳಿಂದ, ಯಂತ್ರಗಳಿಂದ ಮಾತ್ರ ಸುಧಾರಿಸದು. ದವಾಖಾನೆಗೆ ಬರಲು ಹೆದರುವ ಹೆಂಗಸಿಗೆ, ಒಳಗೆ ತನ್ನ ಮಾತು ತಿಳಿಯುವವರೊಬ್ಬರಿದ್ದಾರೆ ಎಂಬ ಭರವಸೆ ಬೇಕು. ಆ ಭರವಸೆಯನ್ನು ಕೊಡಬಲ್ಲವರು ಈ ನೆಲದಲ್ಲಿಯೇ ಹುಟ್ಟಿ, ಓದಿ, ಬಿಳಿಯ ಉಡುಪು ತೊಟ್ಟ ಮಕ್ಕಳು. ವಿದ್ಯಾರ್ಥಿಗಳೇ, ನಿಮ್ಮಲ್ಲಿ ಕೆಲವರು ನಾಳೆ ಆ ವೃತ್ತಿಯನ್ನು ಹಿಡಿಯುವಿರಿ. ನಿಮ್ಮ ಅಜ್ಜಿಯ ಮಾತನ್ನು ಇಂದೇ ಗಮನವಿಟ್ಟು ಕೇಳಿರಿ. ಅದರಲ್ಲಿ ಸರಿಯಾದುದನ್ನು ಉಳಿಸಿಕೊಳ್ಳಿರಿ, ತಪ್ಪಾದುದನ್ನು ವಿನಯದಿಂದ ತಿದ್ದಿರಿ. ಕೇಳುವ ಬಯಕೆಯೇ ಶುಶ್ರೂಷೆ. ಅದರ ಅಭ್ಯಾಸವು ಆಸ್ಪತ್ರೆಗಿಂತ ಮೊದಲು ಮನೆಯಲ್ಲಿ ಆರಂಭವಾಗಬೇಕು.